ಕವಿತೆ ಬರೆದರೆ ನಲ್ಲಿ ಬರುತ್ತದಾ?

ಕವಿತೆ ಬರೆಯುತ್ತೇನೆ, ಪಾಠ ಮಾಡುತ್ತೇನೆ ಎಂದು ತಿಳಿದವರೆಲ್ಲ ಇವತ್ತಲ್ಲ ನಾಳೆ ಇದನ್ನು ಕೇಳೇ ಕೇಳುತ್ತಾರೆ: "ಮೇಷ್ಟ್ರೇ, ನಗರದ ಬಡವರ ಬಗ್ಗೆ ಇಷ್ಟೆಲ್ಲ ಬರೀತೀರಲ್ಲ, ಅದರಿಂದ ಯಾರ ಮನೆಗಾದ್ರೂ ನಲ್ಲಿ ಬಂತಾ?"

ಬಂದಿಲ್ಲ. ನಲ್ಲಿ ಬರಲು ಕಾನೂನು ಬೇಕು, ದುಡ್ಡು ಬೇಕು, ಹಟ ಹಿಡಿದು ಕೇಳುವ ಜನ ಬೇಕು. ಆದರೂ ಬರೆಯುತ್ತೇನೆ, ಮಕ್ಕಳಿಂದಲೂ ಬರೆಸುತ್ತೇನೆ. ಯಾಕೆಂದು ಹೇಳಲು ನನಗೆ ಗ್ವೆಂಡೊಲಿನ್ ಬ್ರೂಕ್ಸ್ ಅವರ 13 ಸಾಲಿನ ಒಂದು ಕವಿತೆ ಬೇಕು.

ಬ್ರೂಕ್ಸ್ ಅಮೆರಿಕದ ಶಿಕಾಗೊ ನಗರದ ಸೌತ್ ಸೈಡ್‌ನಲ್ಲಿ ಬೆಳೆದ ಕಪ್ಪು ಕವಯಿತ್ರಿ. ಆ ಕಾಲದಲ್ಲಿ ಅಲ್ಲಿನ ಎಷ್ಟೋ ಬಡಾವಣೆಗಳ ಬಿಳಿಯ ಮಾಲೀಕರು ಕಪ್ಪು ಜನರಿಗೆ ಮನೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ಕರಾರು ಮಾಡಿಕೊಂಡಿದ್ದರು. ನ್ಯಾಯಾಲಯಗಳು ಅಂಥ ಕರಾರುಗಳನ್ನು ಜಾರಿ ಮಾಡಕೂಡದು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಅಲ್ಲಿಯವರೆಗೆ, ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿಕೊಂಡು ಬಂದವರೆಲ್ಲ ಇಕ್ಕಟ್ಟಾದ ಕೆಲವೇ ಬೀದಿಗಳಲ್ಲಿ ತುಂಬಿಕೊಳ್ಳಬೇಕಾಯಿತು. ಮಾಲೀಕರು ದೊಡ್ಡ ಮನೆಗಳನ್ನು ಒಂದೊಂದೇ ಕೋಣೆಯ ಬಿಡಾರಗಳಾಗಿ ಒಡೆದು, ಒಳಗೊಂದು ಒಲೆ ಇಟ್ಟು, ಬಾಡಿಗೆ ಎತ್ತಿದರು. ಬಚ್ಚಲು ಮಾತ್ರ ಹಲವು ಸಂಸಾರಗಳಿಗೆ ಒಂದೇ.

1945ರಲ್ಲಿ ಬಂದ ಅವರ ಮೊದಲ ಸಂಕಲನದಲ್ಲಿದೆ, ಇಂಥ ಬಿಡಾರದ ಬಗೆಗಿನ ಆ 13 ಸಾಲಿನ ಕವಿತೆ. "ಕನಸು" ಎಂಬ ಮಾತಿಗೆ ಅಲ್ಲಿ "ಬಾಡಿಗೆ"ಗಿರುವ ಗಟ್ಟಿತನ ಇಲ್ಲ. ಈರುಳ್ಳಿಯ ಘಾಟು, ಕರಿದ ಆಲೂಗಡ್ಡೆ, ಪಡಸಾಲೆಯಲ್ಲಿ ಕೊಳೆಯುತ್ತಿರುವ ನಿನ್ನೆಯ ಕಸ, ಇವುಗಳ ನಡುವೆ ಕನಸೊಂದು ಮೇಲೇಳಬಹುದೇ ಎಂಬ ಪ್ರಶ್ನೆ ಏಳುತ್ತದೆ. ಯೋಚಿಸಲು ಪುರುಸೊತ್ತಿಲ್ಲ. ಐದನೇ ನಂಬರಿನವರು ಬಚ್ಚಲಿನಿಂದ ಹೊರಗೆ ಬಂದರು. ಉಗುರುಬೆಚ್ಚಗಿನ ನೀರಾದರೂ ಸಿಕ್ಕೀತೆಂದು ಮನಸ್ಸು ಅತ್ತ ಓಡುತ್ತದೆ.

ಉಗುರುಬೆಚ್ಚಗೆ! ನಾನು ಪ್ರತಿ ಸಲ ಅಲ್ಲೇ ನಿಂತುಬಿಡುತ್ತೇನೆ. ಬಿಸಿನೀರಿನ ಆಸೆ ಆ ಮನೆಯವರಿಗೆ ಯಾವಾಗಲೋ ಬಿಟ್ಟುಹೋಗಿದೆ.

1950ರಲ್ಲಿ ಬ್ರೂಕ್ಸ್‌ಗೆ ಅಮೆರಿಕದ ಹೆಸರಾಂತ ಪುಲಿಟ್ಜರ್ ಪ್ರಶಸ್ತಿ ಬಂತು. ಕಪ್ಪು ಜನರಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಸುದ್ದಿ ತಿಳಿದ ಹೊತ್ತಿಗೆ, ಬಿಲ್ಲು ಕಟ್ಟದ ಕಾರಣ ಅವರ ಮನೆಯಲ್ಲಿ ಕರೆಂಟೇ ಇರಲಿಲ್ಲ. ಮುಂದೆ ಕಾಲೇಜುಗಳಲ್ಲಿ ಪಾಠ ಮಾಡಿದರು, ಬೀದಿ ಗ್ಯಾಂಗಿನ ಹುಡುಗರನ್ನು ಕೂರಿಸಿಕೊಂಡು ಕವಿತೆ ಬರೆಸಿದರು, ಶಾಲಾಮಕ್ಕಳ ಕವಿತೆಗಳಿಗೆ ಸ್ವಂತ ಹಣದಿಂದ ಬಹುಮಾನ ಕೊಟ್ಟರು. ಕವಿತೆ ಬೇಕೆಂದರೆ ಕಿಟಕಿಯಿಂದ ಹೊರಗೆ ನೋಡಿದರೆ ಸಾಕಿತ್ತು ಎಂದು ತಮ್ಮ ಆ ಪುಟ್ಟ ಮನೆಯ ದಿನಗಳ ಬಗ್ಗೆ ಹೇಳಿದ್ದಾರೆ.

ಅದಕ್ಕೇ ನಾನು ತರಗತಿಯಲ್ಲಿ "ಅಸಮಾನತೆ" ಎಂಬ ವಿಷಯ ಕೊಡುವುದಿಲ್ಲ. ಕೊಟ್ಟರೆ ಮಕ್ಕಳು ಭಾಷಣ ಬರೆದು ತರುತ್ತಾರೆ. "ನಿನ್ನೆ ಯಾವುದಕ್ಕೆ ಕಾದಿರಿ? ಎಷ್ಟು ಹೊತ್ತು? ನಿಮ್ಮ ಮುಂದೆ ಎಷ್ಟು ಜನ ಇದ್ದರು?" ಎಂದಷ್ಟೇ ಕೇಳುತ್ತೇನೆ. ನೀರಿಗೆ, ಬಸ್ಸಿಗೆ, ಡಾಕ್ಟರಿಗೆ, ಕೂಲಿಗೆ ಕಾದವರು ಹಾಳೆ ತುಂಬ ಬರೆಯುತ್ತಾರೆ. ಇನ್ನು ಕೆಲವರು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ, "ಯಾವುದಕ್ಕೂ ಕಾದಿಲ್ಲ ಸಾರ್" ಅನ್ನುತ್ತಾರೆ. ಒಂದೇ ಬೆಂಚಿನಲ್ಲಿ ಕೂತ ಮಕ್ಕಳು ಆಗ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಗರದ ಬಗ್ಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಮಾಡಲು ಬರುವುದಿಲ್ಲ.

ದಿನಾ ತಡವಾಗಿ ಬರುವ ಒಬ್ಬ ಹುಡುಗನಿದ್ದ. ಸೋಮಾರಿ ಎಂದೇ ತಿಳಿದು, ಎಷ್ಟೋ ಸಲ ಬಾಗಿಲಲ್ಲೇ ನಿಲ್ಲಿಸಿದ್ದೆ. ಅವನು ನಾಲ್ಕೇ ಸಾಲು ಬರೆದಿದ್ದ: ವಠಾರದ ಕಕ್ಕಸಿನ ಮುಂದೆ ಹನ್ನೊಂದು ಜನ, ಕೈಯಲ್ಲಿ ಬಕೆಟ್ಟು, ಒಳಗಿರುವ ಅಜ್ಜಿಯನ್ನು ಯಾರೂ ಬೇಗ ಬಾ ಅನ್ನುವುದಿಲ್ಲ, ಶಾಲೆಯ ಬೆಲ್ಲು ಅಲ್ಲಿಗೂ ಕೇಳಿಸುತ್ತದೆ.

ಆ ವಠಾರದಲ್ಲಿ ಈಗಲೂ ಕಕ್ಕಸು ಒಂದೇ. ಹಾಜರಿಯನ್ನು ಮಾತ್ರ ನಾನು ಪಿರಿಯಡ್ಡಿನ ಕೊನೆಗೆ ಕರೆಯುತ್ತೇನೆ.