ಅಂಬಾಜಿಯಲ್ಲಿ ಕೂತ ಅವ್ವ

ನಮ್ಮ ಅವ್ವ ದತ್ತ ಜಯಂತಿಗೆ ಗಾಣಗಾಪುರ ತಪ್ಪಿಸಿದವಳಲ್ಲ. ಕಲಬುರಗಿಯಿಂದ ಬಸ್ಸು. ಭೀಮಾ ಅಮರಜಾ ಸಂಗಮದಲ್ಲಿ ಸ್ನಾನ, ಔದುಂಬರಕ್ಕೆ ಪ್ರದಕ್ಷಿಣೆ, ನಿರ್ಗುಣ ಪಾದುಕೆಗಳ ದರ್ಶನ. ಆಮೇಲೆ ಮಧ್ಯಾಹ್ನದ ಮಧುಕರಿ. ಐದು ಮನೆ ಭಿಕ್ಷೆ ಬೇಡದೆ ಆ ದಿನ ಊಟ ಮಾಡುತ್ತಿರಲಿಲ್ಲ. ದತ್ತ ಮಹಾರಾಜರು ಆ ಹೊತ್ತಿಗೆ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆ ಎಂಬ ನಂಬಿಕೆ ಅಲ್ಲಿಯದು. ಅದಕ್ಕೇ ಯಾರು ಕೈ ಚಾಚಿದರೂ ಅವ್ವ ಒಮ್ಮೆ ಅವರ ಮುಖ ನೋಡುತ್ತಿದ್ದಳು.

ಗುಜರಾತಿನ ಗಿರ್ನಾರಕ್ಕೆ ಹೋಗಬೇಕು, ದತ್ತ ಶಿಖರದ ಪಾದುಕೆ ಮುಟ್ಟಬೇಕು ಅನ್ನುವುದು ಅವಳ ಹಳೆಯ ಹರಕೆ. ಅಲ್ಲಿಗೆ ಸುಮಾರು 10,000 ಮೆಟ್ಟಿಲು. ಹರಕೆ ಹೊತ್ತಾಗ ಕಾಲಲ್ಲಿ ಶಕ್ತಿ ಇತ್ತು, ಕೈಯಲ್ಲಿ ದುಡ್ಡಿರಲಿಲ್ಲ. ದುಡ್ಡು ಬರುವಷ್ಟರಲ್ಲಿ ಮೊಣಕಾಲು ಹೋದವು. 2020ರ ಅಕ್ಟೋಬರಿನಲ್ಲಿ ಗಿರ್ನಾರದಲ್ಲಿ ರೋಪ್‌ವೇ ಶುರುವಾಯಿತು ಎಂಬ ಸುದ್ದಿ ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ಮೊಣಕಾಲುಗಳೇ.

ನಾವು ಹೋದ ದಿನ ಬೆಟ್ಟದ ಮೇಲೆ ಜೋರು ಗಾಳಿ. ರೋಪ್‌ವೇ ನಿಲ್ಲಿಸಿದ್ದರು. ಅಷ್ಟು ದೂರ ಬಂದು ಕೆಳಗೇ ಉಳಿಯುವುದೆಂದರೆ ಸಂಕಟ. ಅವ್ವ ಮಾತ್ರ ಭವನಾಥದಲ್ಲಿ ಶಿವನ ಮುಂದೆ ಸುಮ್ನೆ ಕೂತಿದ್ದಳು. ದಾಮೋದರ ಕುಂಡದ ನೀರು ತಲೆಗೆ ಹಾಕಿಕೊಂಡಳು. ದಾರಿಯಲ್ಲಿ ಅಶೋಕನ ಶಾಸನದ ಬಂಡೆಯನ್ನೂ ನೋಡಿದೆವು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಅಶೋಕನ ಶಾಸನ ಸಿಕ್ಕಿದೆ ಎಂದು ಹೇಳಿದೆ. "ಹಂಗಾದ್ರ ಇದೂ ನಮ್ಮ ಊರೇ ಬಿಡು" ಎಂದಳು.

ಮರುದಿನ ಬೆಳಿಗ್ಗೆ ಗಾಳಿ ತಗ್ಗಿತ್ತು. ಒಂದು ಡಬ್ಬಿಯಲ್ಲಿ ಎಂಟು ಜನ. ಬಾಗಿಲು ಮುಚ್ಚಿತು, ಕಾಲಡಿಯ ನೆಲ ಹಿಂದೆ ಸರಿಯಿತು. ಕೆಳಗೆ ಸಿಂಹಗಳಿರುವ ಕಾಡು. ಅದರ ನಡುವೆ ಮೆಟ್ಟಿಲು, ಮೆಟ್ಟಿಲ ಮೇಲೆ ಇರುವೆ ಸಾಲಿನಂತೆ ಜನ. ಅವ್ವ ಅವರನ್ನೇ ನೋಡುತ್ತಿದ್ದಳು. "ಅವರು ಬೆವರು ಸುರಿಸಿ ಬರ್ತಾರ. ನಾ ಹಿಂಗ ಕುಂತು ಹೋದ್ರ ದತ್ತಗ ನಡೀತದೇನು?" ನನಗೆ ಉತ್ತರ ಹೊಳೆಯಲಿಲ್ಲ. ಎದುರಿಗಿದ್ದ ಗುಜರಾತಿ ಅಜ್ಜಿಗೆ ಮಾತು ತಿಳಿಯಲಿಲ್ಲ, ಅವ್ವನ ಮುಖ ತಿಳಿಯಿತು. "ಜೈ ಗಿರ್ನಾರಿ" ಎಂದು ಅವ್ವನ ಮೊಣಕಾಲ ಮೇಲೆ ಕೈ ಇಟ್ಟರು. ಅವರೂ ಊರುಗೋಲು ಹಿಡಿದಿದ್ದರು.

ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದದ ಆ ದಾರಿ ಹತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ರೋಪ್‌ವೇ ಹೋಗುವುದು ಅಂಬಾಜಿ ತಾಯಿಯ ಗುಡಿವರೆಗೆ ಮಾತ್ರ, ಅಂದರೆ ಸುಮಾರು 5,000 ಮೆಟ್ಟಿಲಿನ ಎತ್ತರ. ಮುಂದೆ ಗೋರಖನಾಥ ಶಿಖರ, ಗುಜರಾತಿನಲ್ಲೇ ಎತ್ತರದ್ದು. ಅದನ್ನು ಹತ್ತಿ, ಮತ್ತೆ ಇಳಿದು, ಮತ್ತೆ ಹತ್ತಿದರೆ ದತ್ತ. ಡೋಲಿ ಮಾಡೋಣ ಎಂದೆ. ಅವ್ವ ಡೋಲಿ ಹೊರುವವರ ಹೆಗಲು ನೋಡಿದಳು. ಬೇಡ ಎಂದಳು. "ತಾಯಿ ಹತ್ರ ಬಂದೀನಿ. ನಾ ಇಲ್ಲೇ ಕೂಡ್ತೀನಿ. ನೀ ಹೋಗಿ ಬಾ."

ಅಂಬೆಯ ದರ್ಶನ ಮಾಡಿಸಿ, ಗುಡಿಯ ಪಕ್ಕ ನೆರಳಲ್ಲಿ ಕೂರಿಸಿ ಹೊರಟೆ. ಆ ಮೆಟ್ಟಿಲುಗಳ ಮೇಲೆ ನನ್ನ ಕಾಲು ನಡುಗಿದ್ದು ಆಯಾಸಕ್ಕಷ್ಟೇ ಅಲ್ಲ. ಹರಕೆ ಅವಳದು, ಹೋಗುತ್ತಿರುವುದು ನಾನು. ದತ್ತ ಶಿಖರದ ಗುಡಿ ಪುಟ್ಟದು. ಜೈನರು ಅಲ್ಲಿನ ಪಾದಗಳಿಗೆ ನೇಮಿನಾಥರವೆಂದು ತಲೆಬಾಗುತ್ತಾರೆ. ಹಿಂದೆ ಸಾಲು ಇತ್ತು, ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ನನಗಾಗಿ ಏನೂ ಕೇಳಲಿಲ್ಲ. ಅವ್ವನ ಹೆಸರು ಹೇಳಿದೆ, ಅಷ್ಟೇ.

ಇಳಿಯುವಾಗ ಕಮಂಡಲ ಕುಂಡದಲ್ಲಿ ಧುನಿಗೆ, ಅಂದರೆ ಅಲ್ಲಿನ ಪವಿತ್ರ ಅಗ್ನಿಗೆ, ಕೈಮುಗಿದು, ಒಂದಿಷ್ಟು ಪ್ರಸಾದ ಕಾಗದದಲ್ಲಿ ಕಟ್ಟಿಕೊಂಡೆ.

ಅಂಬಾಜಿ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಅವ್ವ ನಾನು ಹೋದ ದಿಕ್ಕಿಗೇ ಮುಖ ಮಾಡಿ ಕೂತಿದ್ದಳು. ಏನೂ ತಿಂದಿರಲಿಲ್ಲ. "ಪಾದುಕೆ ಮುಟ್ಟಿದಿ?" ಎಂದು ಕೇಳಿ, ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಸೆರಗು ಒಡ್ಡಿದಳು, ಗಾಣಗಾಪುರದಲ್ಲಿ ಮನೆ ಮುಂದೆ ನಿಂತು ಒಡ್ಡುವ ಹಾಗೆಯೇ. ನಾನು ಪ್ರಸಾದ ಹಾಕಿದೆ. ಅವಳು ಅದರಲ್ಲಿ ಅರ್ಧ ತೆಗೆದು, ಪಕ್ಕದಲ್ಲಿ ದಣಿವಾರಿಸುತ್ತಿದ್ದ ಡೋಲಿಯವನ ಮುಖ ನೋಡಿ, ಮೊದಲು ಅವನಿಗೆ ಕೊಟ್ಟಳು.