ಬಾಣಂತನದಲ್ಲಿ ಗರ್ಭಕೋಶ ಜಾರಿದರೆ: ಮೊದಲು ಒತ್ತಡ ಇಳಿಸಿ

ಬೆಳಿಗ್ಗೆ ಏಳುವಾಗ ಏನೂ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಳಗೆ ಭಾರ. ಸಂಜೆ ಕುಕ್ಕರಗಾಲಲ್ಲಿ ಕೂತು ತೊಳೆದುಕೊಳ್ಳುವಾಗ ಯೋನಿಯ ಬಾಯಲ್ಲಿ ಮೆತ್ತನೆಯ ಉಂಡೆ ಕೈಗೆ ತಾಗುತ್ತದೆ. ಹೆರಿಗೆಯಾದ ಕೆಲವು ವಾರಗಳಲ್ಲಿ ಹೀಗಾದರೆ ಗಡ್ಡೆಯೇ ಇರಬೇಕೆಂದು ಹೆದರುವವರು ಬಹಳ. ಸಾಮಾನ್ಯವಾಗಿ ಅದು ಜಾರಿದ ಅಂಗ. ನಮ್ಮಲ್ಲಿ ಎಲ್ಲಕ್ಕೂ ‘ಗರ್ಭಕೋಶ ಜಾರಿದೆ’ ಅಂದುಬಿಡುತ್ತಾರೆ. ಆದರೆ ಯೋನಿಯ ಮುಂಗೋಡೆಯನ್ನು ಮೂತ್ರಚೀಲ ತಳ್ಳಿರಬಹುದು, ಹಿಂಗೋಡೆಯನ್ನು ಗುದನಾಳ ತಳ್ಳಿರಬಹುದು. ಯಾವುದು ಎಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ, ಮನೆಯಲ್ಲಿ ಮಾಡಬೇಕಾದ್ದು ಅದರ ಮೇಲೆ ಬದಲಾಗುತ್ತದೆ.

ಈ ಅಂಗಗಳನ್ನು ಕೆಳಗಿನಿಂದ ಹೊತ್ತಿರುವುದು ಪೆಲ್ವಿಕ್ ಫ್ಲೋರ್, ಅಂದರೆ ಸೊಂಟದ ತಳದ ಸ್ನಾಯುಗಳು, ಮೇಲಿನಿಂದ ಹಿಡಿದಿರುವುದು ಲಿಗಮೆಂಟು ಎಂಬ ಗಟ್ಟಿ ಪಟ್ಟಿಗಳು. ಬಹಳ ಹೊತ್ತು ಮುಕ್ಕಿದ ಹೆರಿಗೆ, ಮಗುವನ್ನು ಎಳೆಯುವ ಇಕ್ಕಳ (ಫೋರ್ಸೆಪ್ಸ್), ದೊಡ್ಡ ಮಗು ಇವುಗಳಿಂದ ಸ್ನಾಯು ಹಿಗ್ಗುತ್ತದೆ, ಕೆಲವೊಮ್ಮೆ ಮೂಳೆಯಿಂದಲೇ ಕಿತ್ತುಬರುತ್ತದೆ. ಹಾಲೂಡಿಸುವಾಗ ಈಸ್ಟ್ರೋಜನ್ ಹಾರ್ಮೋನು ಕಡಿಮೆ ಇರುವುದರಿಂದ ಯೋನಿಯ ಗೋಡೆ ಒಣಗಿ ತೆಳುವಾಗಿರುತ್ತದೆ. ಆರನೇ ವಾರದಲ್ಲಿ ಕಂಡದ್ದೇ ಕೊನೆಯ ಸ್ಥಿತಿ ಅಲ್ಲ, ತಿಂಗಳುಗಟ್ಟಲೆ ಸುಧಾರಣೆ ನಡೆಯುತ್ತಲೇ ಇರುತ್ತದೆ.

ಆ ಸುಧಾರಣೆಗೆ ಅಡ್ಡ ಬರುವುದು ಬಾಣಂತನದ ಕೆಲವು ಪದ್ಧತಿಗಳು. ಹೊಟ್ಟೆ ದಪ್ಪವಾಗಬಾರದೆಂದು ಅಮ್ಮನೋ ಅತ್ತೆಯೋ ಹಳೇ ಸೀರೆಯನ್ನು ಬಿಗಿದು ಕಟ್ಟುತ್ತಾರೆ. ಟೂತ್‌ಪೇಸ್ಟಿನ ಟ್ಯೂಬನ್ನು ನಡುವಲ್ಲಿ ಹಿಸುಕಿದ ಹಾಗೆ, ಒತ್ತಡ ಹೋಗುವುದು ಕೆಳಗೆ. ಕಟ್ಟಲೇಬೇಕೆಂದರೆ ಬಟ್ಟೆಯೊಳಗೆ ಅಂಗೈ ಸಲೀಸಾಗಿ ತೂರಬೇಕು, ಉಸಿರು ತೆಗೆದುಕೊಂಡಾಗ ಹೊಟ್ಟೆ ಉಬ್ಬಬೇಕು. ಎರಡನೆಯದು ನೀರು ಕೊಡದಿರುವುದು. ನೀರು ಕಡಿಮೆ, ತರಕಾರಿ ಕಡಿಮೆ, ಜೊತೆಗೆ ಕಬ್ಬಿಣದ ಮಾತ್ರೆ. ಮಲ ಕಲ್ಲಾಗುತ್ತದೆ, ಬಾಣಂತಿ ತಿಣುಕುತ್ತಾಳೆ. ದಿನಾ ತಿಣುಕುತ್ತ ವ್ಯಾಯಾಮ ಮಾಡುವುದು ತೂತು ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಆದ್ದರಿಂದ ಮೊದಲ ಕೆಲಸ ಮಲ ಮೆತ್ತಗಾಗಿಸುವುದು. ಬಾಯಾರಿದಾಗೆಲ್ಲ ನೀರು, ಊಟದಲ್ಲಿ ಸೊಪ್ಪು. ಸಾಲದಿದ್ದರೆ ಒಂದೆರಡು ಚಮಚ ಇಸಬ್‌ಗೋಲ್, ದೊಡ್ಡ ಲೋಟದ ತುಂಬ ನೀರಿನಲ್ಲಿ. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕೂರುತ್ತದೆ. ಕಮೋಡಿನ ಮೇಲೆ ಕೂತಾಗ ಪಾದದಡಿ ಮಣೆಯಿಡಿ, ಮಂಡಿ ಸೊಂಟಕ್ಕಿಂತ ಮೇಲಿರಲಿ, ಮುಂದಕ್ಕೆ ಬಾಗಿ ಬಾಯಿಂದ ಉಸಿರು ಬಿಡಿ. ಹಿಂಗೋಡೆ ಉಬ್ಬಿದವರಿಗೆ ಮಲ ಬಾಗಿಲವರೆಗೆ ಬಂದು ನಿಲ್ಲುತ್ತದೆ. ಆಗ ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗವನ್ನು ಟಿಶ್ಯೂ ಹಿಡಿದ ಬೆರಳಿಂದ ಮೇಲಕ್ಕೆ ಒತ್ತಿ ಹಿಡಿದರೆ ಸಲೀಸು. ನಾಚಿಕೊಳ್ಳಬೇಕಿಲ್ಲ, ಫಿಸಿಯೋಥೆರಪಿಸ್ಟರೇ ಇದನ್ನು ಹೇಳಿಕೊಡುತ್ತಾರೆ. ಮುಂಗೋಡೆ ಉಬ್ಬಿದವರು ಮೂತ್ರವಾದ ಮೇಲೆ ಎದ್ದು ನಿಂತು, ಮತ್ತೆ ಕೂತು ಮುಂದೆ ಬಾಗಿದರೆ ಉಳಿದದ್ದೂ ಹೋಗುತ್ತದೆ.

ಭಾರದ ಲೆಕ್ಕವನ್ನೂ ಇಟ್ಟುಕೊಳ್ಳಿ. ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30 ಕಿಲೋ, 20 ಲೀಟರಿನ ನೀರಿನ ಕ್ಯಾನು 20 ಕಿಲೋ. ಇವೆರಡನ್ನೂ ಮುಟ್ಟಬೇಡಿ. ಮಗುವನ್ನು ಎತ್ತಬಹುದು, ಮೈಗೆ ಹತ್ತಿರ ಹಿಡಿದು, ಎತ್ತುವ ಕ್ಷಣದಲ್ಲಿ ಉಸಿರು ಬಿಡುತ್ತ. ಕೆಮ್ಮು, ಸೀನು ಬರುವ ಮುನ್ನವೇ ಕೆಳಗೆ ಬಿಗಿಹಿಡಿಯುವುದನ್ನು ರೂಢಿಮಾಡಿಕೊಳ್ಳಿ.

ಈಗ ವ್ಯಾಯಾಮ. ಅಂಗಾತ ಮಲಗಿ ಮಂಡಿ ಮಡಿಸಿ. ಮೊದಲು ಗಾಳಿ ತಡೆಯುವಂತೆ ಹಿಂದೆ ಬಿಗಿಮಾಡಿ, ಆ ಬಿಗಿಯನ್ನೇ ಮುಂದಕ್ಕೆ, ಮೂತ್ರ ತಡೆಯುವಂತೆ, ಮೇಲಕ್ಕೆ ಸೆಳೆಯಿರಿ. ಮೂರ್ನಾಲ್ಕು ಸೆಕೆಂಡು ಹಿಡಿದು ಪೂರ್ತಿ ಬಿಡಿ, ಅಷ್ಟೇ ಹೊತ್ತು ವಿರಾಮ. 8–10 ಸಲ, ದಿನಕ್ಕೆ ಮೂರು ಹೊತ್ತು. ವಾರ ಕಳೆದಂತೆ 10 ಸೆಕೆಂಡಿಗೆ ಏರಿಸಿ, ಆಮೇಲೆ ಕೂತು, ನಿಂತು. ತಪ್ಪುವುದು ಎಲ್ಲಿ ಗೊತ್ತೇ? ಉಸಿರು ಕಟ್ಟುವುದು, ಪೃಷ್ಠ ಹಿಂಡುವುದು. ಎಲ್ಲಕ್ಕಿಂತ ಕೆಟ್ಟದ್ದು, ಮೇಲೆ ಸೆಳೆಯುವ ಬದಲು ಕೆಳಗೆ ತಳ್ಳುವುದು. ಕೈಗನ್ನಡಿ ಹಿಡಿದು ನೋಡಿ: ಯೋನಿಗೂ ಗುದದ್ವಾರಕ್ಕೂ ನಡುವಿನ ಚರ್ಮ ಒಳಕ್ಕೆ ಹೋದರೆ ಸರಿ, ಉಬ್ಬಿದರೆ ಅಲ್ಲಿಗೇ ನಿಲ್ಲಿಸಿ ಫಿಸಿಯೋಥೆರಪಿಸ್ಟರನ್ನು ಕಾಣಿ. ಮೂತ್ರ ಮಾಡುತ್ತ ನಡುವೆ ತಡೆದು ಅಭ್ಯಾಸ ಮಾಡಬೇಡಿ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ, ಜಾರುವಿಕೆ ಕಡಿಮೆ ಇರುವ ಮೊದಲೆರಡು ಹಂತಗಳಿಗೆ ಕನಿಷ್ಠ 16 ವಾರದ ಅಭ್ಯಾಸ ಹೇಳುತ್ತದೆ. ಎರಡು ವಾರಕ್ಕೇ ಬಿಟ್ಟು ‘ಪ್ರಯೋಜನ ಇಲ್ಲ’ ಅನ್ನುವವರೇ ಜಾಸ್ತಿ.

ಇಷ್ಟಾದರೂ ಉಂಡೆ ಹೊರಗೇ ನಿಂತರೆ ಪೆಸರಿ ಇದೆ: ಸಿಲಿಕೋನಿನ ಉಂಗುರ, ಡಾಕ್ಟರು ಅಳತೆ ನೋಡಿ ಹಾಕುತ್ತಾರೆ. ಸರಿಯಾಗಿ ಕೂತರೆ ಒಳಗಿರುವುದೇ ಗೊತ್ತಾಗುವುದಿಲ್ಲ. ಚಿಕ್ಕದಾದರೆ ತಿಣುಕಿದಾಗ ಜಾರಿಬೀಳುತ್ತದೆ, ದೊಡ್ಡದಾದರೆ ನೋವು ಅಥವಾ ಮೂತ್ರ ಕಟ್ಟುವುದು. ಉಂಗುರವನ್ನು ನೀವೇ ತೆಗೆದು ತೊಳೆದು ಹಾಕಿಕೊಳ್ಳುವುದನ್ನು ಕಲಿಯಬಹುದು. ವರ್ಷಗಟ್ಟಲೆ ಮರೆತರೆ ಹುಣ್ಣಾಗುತ್ತದೆ.

‘ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆಗೆ ಅವಸರ ಬೇಡ. ಸಡಿಲವಾದದ್ದು ಆಧಾರ. ಅದನ್ನು ಸರಿಪಡಿಸದೆ ಗರ್ಭಕೋಶ ಮಾತ್ರ ತೆಗೆದರೆ ಯೋನಿಯ ಮೇಲ್ತುದಿಯೇ ಮುಂದೆ ಜಾರಬಹುದು. ಮಕ್ಕಳು ಸಾಕು ಅನಿಸುವವರೆಗೆ ಆಪರೇಷನ್ನನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ.

ಮೂತ್ರ ಪೂರ್ತಿ ಕಟ್ಟಿದರೆ, ಉಂಡೆ ಒಳಗೆ ಹೋಗದೆ ಕಪ್ಪಾದರೆ, ರಕ್ತ ಅಥವಾ ಕೆಟ್ಟ ವಾಸನೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಳಿದಂತೆ ತೋರಿಸಲು ಸಂಜೆಯ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಬೆಳಿಗ್ಗೆ ಮಲಗಿಸಿ ನೋಡಿದರೆ ‘ಎಲ್ಲ ಸರಿಯಿದೆ’ ಅಂದು ಕಳಿಸುವುದುಂಟು. ಹಾಗಾದರೆ, ನಿಂತು ಕೆಮ್ಮುತ್ತೇನೆ, ಆಗ ನೋಡಿ ಎಂದು ನೀವೇ ಕೇಳಿ.