ಜೇಮ್ಸ್ ಕೇರ್ಡ್ ದೋಣಿಯ ಮಾದರಿ: ನಾಲ್ಕನೇ ವಾರ, ಜೋಲುಬಿದ್ದ ಡೆಕ್

ಹೋದ ವಾರ ದೋಣಿಯ ಮೈ ಮುಗಿದಿತ್ತು. ಅಳತೆ 1:24, ಅಂದರೆ ಇಪ್ಪತ್ತೆರಡೂವರೆ ಅಡಿ ದೋಣಿ ನನ್ನ ಮೇಜಿನ ಮೇಲೆ 28 ಸೆಂಟಿಮೀಟರ್ ಚಿಲ್ಲರೆ. ಈ ವಾರ ಡೆಕ್, ಅಂದರೆ ದೋಣಿಯ ಮೇಲಿನ ಮುಚ್ಚಿಗೆ, ಅದೊಂದರಲ್ಲೇ ಕಳೆದುಹೋಯಿತು.

ಅಸಲಿ ದೋಣಿಗೆ ಮೊದಲು ಡೆಕ್ಕೇ ಇರಲಿಲ್ಲ. ಧ್ರುವ ಯಾನಿ ಶ್ಯಾಕಲ್‌ಟನ್‌ನ ಹಡಗು ಎಂಡ್ಯೂರೆನ್ಸ್ 1915ರ ನವೆಂಬರ್ 21ರಂದು ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದಲ್ಲಿ ಮುಳುಗಿತು. ಮುಂದಿನ ಏಪ್ರಿಲ್‌ನಲ್ಲಿ 28 ಜನ ಮೂರು ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಸೇರಿದರು. ಅಲ್ಲಿಂದ ಸೌತ್ ಜಾರ್ಜಿಯಾ ದ್ವೀಪಕ್ಕೆ ಸಹಾಯ ಕೇಳಲು ಹೊರಟದ್ದು ಈ ದೋಣಿ. ಸುಮಾರು 1,500 ಕಿಲೋಮೀಟರ್ ದೂರ, ಒಳಗೆ ಆರು ಜನ. ತೆರೆದ ದೋಣಿಯಲ್ಲಿ ಆ ಸಮುದ್ರ ದಾಟೋದು ಆಗದ ಮಾತು. ಬಡಗಿ ಹ್ಯಾರಿ ಮೆಕ್ನಿಶ್ ಕೈಗೆ ಸಿಕ್ಕಿದ್ದರಲ್ಲೇ ಮುಚ್ಚಿಗೆ ಮಾಡಿದ: ಹಿಮದ ಮೇಲೆ ಎಳೆಯುವ ಜಾರುಬಂಡಿಯ ಪಟ್ಟಿ, ಪೆಟ್ಟಿಗೆಯ ಮುಚ್ಚಳ, ಮೇಲೆ ಕ್ಯಾನ್ವಾಸ್. ಚಳಿಗೆ ಹಲಗೆಯಂತಾಗಿದ್ದ ಆ ಕ್ಯಾನ್ವಾಸನ್ನು ಕೊಬ್ಬು ಉರಿಸುವ ಒಲೆಯ ಮೇಲೆ ಹಿಡಿದು ಮೆತ್ತಗೆ ಮಾಡಿ ಹೊಲಿದರು. ಅದಕ್ಕೂ ಮೊದಲು ಹಲಗೆಗಳ ಸಂದಿಗೆ ದೀಪದ ಬತ್ತಿ ತುರುಕಿ, ತಂಡದ ಚಿತ್ರಕಾರನ ಬಣ್ಣವನ್ನೂ ಸೀಲ್ ಪ್ರಾಣಿಯ ರಕ್ತವನ್ನೂ ಮೆತ್ತಿದ್ದರು.

ನನ್ನ ಬಳಿ ಇದ್ದದ್ದು ಐಸ್‌ಕ್ರೀಂ ಕಡ್ಡಿ, ಹಳೇ ಪಂಚೆಯ ತುಂಡು, ನೀರು ಬೆರೆಸಿದ ಫೆವಿಕಾಲ್. ಬಟ್ಟೆ ಹೊದಿಸಿ ಅಂಟು ಬಳಿದು ಮಲಗಿದೆ. ಬೆಳಗ್ಗೆ ನೋಡಿದರೆ ಕಡ್ಡಿ ಕಡ್ಡಿಗಳ ನಡುವೆ ಜೋಲುಬಿದ್ದಿದೆ, ಒಣಗಲು ಹಾಕಿದ ಹಪ್ಪಳದ ತರ! ಸಿಟ್ಟು ಬಂತು. ಕಿತ್ತು, ಬಿಗಿಯಾಗಿ ಎಳೆದು, ಸುತ್ತ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಮತ್ತೆ ಅಂಟಿಸಿದೆ. ತಮಟೆಯಷ್ಟು ಬಿಗಿ.

ಆಮೇಲೆ ಶ್ಯಾಕಲ್‌ಟನ್ ಬರೆದದ್ದನ್ನು ಮತ್ತೊಮ್ಮೆ ಓದಿದೆ. ಅಸಲಿ ಡೆಕ್ ಕೂಡ ಪೆಟ್ಟಿಗೆಗಳ ನಡುವೆ ಜೋಲುಬಿದ್ದು, ಅಲ್ಲೇ ನೀರು ನಿಂತು, ಹನಿಹನಿಯಾಗಿ ಒಳಗೆ ಸೋರುತ್ತಿತ್ತಂತೆ! ನಾನು ಕಿತ್ತೆಸೆದದ್ದೇ ಸರಿಯಾದ ಡೆಕ್ ಆಗಿತ್ತು ಅಲ್ವಾ. ಮೂರನೇ ಸಲ ಬಟ್ಟೆಯನ್ನು ಬೇಕಂತಲೇ ಸಡಿಲ ಬಿಟ್ಟೆ. ತಮಾಷೆ ಅಂದರೆ, ಬೇಕಂತ ಸಡಿಲ ಬಿಟ್ಟರೆ ಅದು ಸಹಜವಾಗಿ ಕಾಣೋದಿಲ್ಲ. ಕೊನೆಗೆ ಬ್ರಷ್‌ನಲ್ಲಿ ನೀರು ಚಿಮುಕಿಸಿ, ಅದರಷ್ಟಕ್ಕೆ ಅದೇ ಇಳಿಯಲು ಬಿಟ್ಟೆ.

ಆ ಸೋರುವ ಡೆಕ್ ಏಪ್ರಿಲ್ 24ರಿಂದ ಮೇ 10ರವರೆಗೆ ತಡೆದುಕೊಂಡಿತು. ದ್ವೀಪದಲ್ಲಿ ಉಳಿದ 22 ಜನರೂ ಆಗಸ್ಟ್ 30ರಂದು ಪಾರಾದರು. ಮೆಕ್ನಿಶ್‌ಗೆ ಆದರೂ ಧ್ರುವ ಯಾನಿಗಳಿಗೆ ಬ್ರಿಟನ್ ಕೊಡುವ ಪೋಲಾರ್ ಪದಕ ಸಿಗಲಿಲ್ಲ. ಮಂಜಿನ ಮೇಲೆ ಒಮ್ಮೆ ಶ್ಯಾಕಲ್‌ಟನ್‌ಗೆ ಎದುರಾಡಿದ್ದ. ಮೂರು ಸಲ ಡೆಕ್ ಕಟ್ಟಿದವನಾಗಿ ಹೇಳ್ತೀನಿ, ಇದು ಅನ್ಯಾಯ.

ಈಗ ದೋಣಿ ಮಗುಚದಂತೆ ತಳಕ್ಕೆ ಹಾಕುವ ಭಾರ. ಅವರು ಕಂಬಳಿ ಹೊಲಿದು ಚೀಲ ಮಾಡಿ, ಕಲ್ಲು ತುಂಬಿ, ಸುಮಾರು ಒಂದು ಟನ್ ಹಾಕಿದ್ದರು. 24ರ ಘನದಿಂದ ಭಾಗಿಸಿದರೆ ನನ್ನ ಪಾಲಿಗೆ ಬರೋದು ಸುಮಾರು 70 ಗ್ರಾಂ ಮರಳು. ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಾ ಕೂತಿದ್ದೇನೆ, ಸದ್ಯಕ್ಕೆ 31 ಆಗಿದೆ.